ಚಕ್ಕುಲಿಯ ಘ್ರಾಣವ್ಯಾಪ್ತಿ ಮತ್ತು ನಲವತ್ತಡಿ ರಸ್ತೆ: ಒಂದು ವಲಯಮೀಮಾಂಸಾತ್ಮಕ ಅಧ್ಯಯನ

ಪ್ರಸ್ತಾವನೆ

ದಕ್ಷಿಣ ಬೆಂಗಳೂರಿನ ಬಡಾವಣೆಯೊಂದರ ಮೂವತ್ತಡಿ ಅಗಲದ ಅಡ್ಡರಸ್ತೆಯಲ್ಲಿ, ನೆಲಮಹಡಿಯ ಅಡುಗೆಮನೆಯಿಂದ ಬೆಳಗಿನ ಹತ್ತರ ಸುಮಾರಿಗೆ ಹೊರಹೊಮ್ಮುವ ಚಕ್ಕುಲಿಯ ವಾಸನೆಯು ಸದರಿ ಬಡಾವಣೆಯ ವಸತಿತ್ವದ ನೆಲೆಗಟ್ಟನ್ನೇ ಪಲ್ಲಟಗೊಳಿಸುತ್ತಿರುವ ಪ್ರಕ್ರಿಯೆಯನ್ನು ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಗೃಹ ಮತ್ತು ಉದ್ಯಮಗಳ ಮುಖಾಮುಖಿಯಲ್ಲಿ ರೂಪುಗೊಳ್ಳುವ ಅಧಿಕಾರ ಸಂಕಥನಗಳು ಒಂದು ಬಾಣಲೆಯ ಸುತ್ತ ಹೇಗೆ ಹರಳುಗಟ್ಟುತ್ತವೆ ಎಂಬುದನ್ನು ಇಲ್ಲಿ ಗುರುತಿಸಲು ಯತ್ನಿಸಲಾಗಿದೆ. ಕೋಡುಬಳೆ ಮತ್ತು ನಿಪ್ಪಟ್ಟುಗಳನ್ನು ಅಧ್ಯಯನದ ಪರಿಮಿತಿಯಿಂದ ಹೊರಗಿಡಲಾಗಿದೆ. ಅವುಗಳಿಗೆ ಪ್ರತ್ಯೇಕ ವಿಚಾರಸಂಕಿರಣದ ಅಗತ್ಯವಿದೆ. ಊಟದ ವ್ಯವಸ್ಥೆ ಇದ್ದರೆ ಒಳಿತು.

ಆಕರ

ಈ ಅಧ್ಯಯನದ ಮೂಲ ಆಕರ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವು ವಾರ್ಡ್ ಕಚೇರಿಗೆ ಸಲ್ಲಿಸಿದ ಒಂದೂವರೆ ಪುಟದ ಅರ್ಜಿ. ‘ಸದರಿ ಮಹಿಳೆಯು ಸದರಿ ವಿಳಾಸದಲ್ಲಿ ಸದರಿ ತಿನಿಸನ್ನು ಅನಧಿಕೃತವಾಗಿ ಕರಿಯುತ್ತಿದ್ದು, ಸದರಿ ವಾಸನೆಯಿಂದ ಮೇಲ್ಕಂಡ ನಿವಾಸಿಗಳ ನೆಮ್ಮದಿಗೆ ಭಂಗ ಉಂಟಾಗಿರುವುದರಿಂದ ತಾವುಗಳು ಸೂಕ್ತ ಕ್ರಮ ಜರುಗಿಸಬೇಕಾಗಿ’ ಎಂದು ಅದು ಸಾಗುತ್ತದೆ. ಅಧಿಕೃತವಾಗಿ ಕರಿಯುವ ವಿಧಾನ ಯಾವುದೆಂಬ ಬಗ್ಗೆ ಆಕರ ಮೌನವಾಗಿದೆ. ಇಡೀ ಅರ್ಜಿಯಲ್ಲಿ ಆ ಹೆಂಗಸಿಗೆ ಹೆಸರಿಲ್ಲ. ಸಹಿ ಹಾಕಿದವರಲ್ಲಿ ಅರ್ಧದಷ್ಟು ಜನ ಹಬ್ಬಕ್ಕೆ ಅವಳ ಹತ್ತಿರವೇ ಡಬ್ಬ ತುಂಬಿಸಿಕೊಂಡು ಹೋಗುವವರು. ಆಗ ಹೆಸರು ಹಿಡಿದು, ಕೊನೆಗೊಂದು ‘ಅವರೇ’ ಸೇರಿಸಿಯೇ ಕೂಗುತ್ತಾರೆ.

ತಾತ್ವಿಕ ಪರಂಪರೆ

ವಲಯಚಿಂತನೆಯ ಆದ್ಯಗ್ರಂಥಕ್ಕಾಗಿ ವಿದ್ವಾಂಸರು ಅಮೆರಿಕದ ಓಹಾಯೊ ರಾಜ್ಯಕ್ಕೆ ಹೋಗುವುದು ರೂಢಿ. ಕ್ಲೀವ್‌ಲ್ಯಾಂಡ್ ನಗರದ ಪಕ್ಕದಲ್ಲಿ ಯೂಕ್ಲಿಡ್ ಎಂಬ ಊರಿದೆ. ರೇಖಾಗಣಿತದ ಯೂಕ್ಲಿಡ್ಡನ ಹೆಸರನ್ನೇ ಭೂಮಾಪಕರು ಅದಕ್ಕೆ ಇಟ್ಟರು. ಆ ಊರು ತನ್ನ ನೆಲವನ್ನು ಮನೆಗೆ, ಅಂಗಡಿಗೆ, ಕಾರ್ಖಾನೆಗೆ ಎಂದು ಗೆರೆ ಹೊಡೆದು ಹಂಚಿತು. ಜಮೀನಿದ್ದ ಕಂಪನಿಯೊಂದು ಕೋರ್ಟಿಗೆ ಹೋಯಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಊರಿನ ಪರವಾಗಿ ತೀರ್ಪಿತ್ತಿತು. ಹಂದಿ ಒಳ್ಳೆಯ ಪ್ರಾಣಿಯೇ, ಆದರೆ ಕೊಟ್ಟಿಗೆ ಬಿಟ್ಟು ಪಡಸಾಲೆಗೆ ಬಂದರೆ ಉಪದ್ರವ ಎಂಬ ಅರ್ಥದ ಮಾತು ಅದರಲ್ಲಿದೆ. ನಮ್ಮ ಸಂಘದ ಅಧ್ಯಕ್ಷರು ಈ ತೀರ್ಪನ್ನು ಓದಿರಲಿಕ್ಕಿಲ್ಲ. ಓದಿದ್ದರೆ ಅದರಲ್ಲೇ ಮುಂದೆ ಅಪಾರ್ಟ್‌ಮೆಂಟ್ ಕಟ್ಟಡಗಳನ್ನು, ಒಂಟಿಮನೆಗಳ ಬಡಾವಣೆಯ ಸೊಗಸನ್ನು ಹೀರಿ ಬದುಕುವ ಪರಾವಲಂಬಿ ಎಂದು ಕರೆದಿರುವುದು ಕಣ್ಣಿಗೆ ಬೀಳುತ್ತಿತ್ತು. ಅಧ್ಯಕ್ಷರು ತರ್ಟಿ ಫಾರ್ಟಿ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಮೂರನ್ನು ಬಾಡಿಗೆಗೆ ಕೊಟ್ಟು, ನಾಲ್ಕನೆಯದರಲ್ಲಿ ನಿಂತು ವಾಸನೆ ನೋಡುತ್ತಾರೆ.

ಪೂರ್ವವಲಯ ಕಾಲಘಟ್ಟ

ದೇಶೀ ನೆಲೆಯಿಂದ ನೋಡುವುದಾದರೆ, ಬೆಂಗಳೂರೆಂಬ ಪಠ್ಯವು ಮೂಲತಃ ಅಕ್ರಮವಾದದ್ದು ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನ ಪೇಟೆಗಳ ಹೆಸರು ನೋಡಿ: ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕಸುಬು ಯಾವುದೋ ಕೇರಿಯ ಹೆಸರೂ ಅದೇ. ಕೆಳಗೆ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಮಲಗುವ ಜಾಗ. ಕಬ್ಬನ್‌ಪೇಟೆಯ ನೇಕಾರರ ಮನೆಗಳಲ್ಲಿ ಮಗ್ಗ ಹಾಕಿ ಉಳಿದ ಜಾಗದಲ್ಲಿ ಸಂಸಾರ ನಡೆಯುತ್ತಿತ್ತು. ಗಾಣಿಗರಪೇಟೆಯಲ್ಲಿ ಎಣ್ಣೆಯ ವಾಸನೆ ಬರುತ್ತಿದೆ, ಸೂಕ್ತ ಕ್ರಮ ಜರುಗಿಸಿ ಎಂದು ಗೌಡರಿಗೆ ಯಾರಾದರೂ ಅರ್ಜಿ ಕೊಟ್ಟ ಶಾಸನ ಇದುವರೆಗೆ ಬೆಳಕಿಗೆ ಬಂದಿಲ್ಲ.

1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಓಡಿದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮನೆಗೆ ಗಾಳಿ ಬೆಳಕು ಬೇಕು, ರಸ್ತೆ ನೇರವಾಗಿರಬೇಕು ಎಂಬ ಅರಿವು ಬಂತು. ಇದನ್ನು ಅಣಕಿಸುವಂತಿಲ್ಲ, ಸಾವು ಕಲಿಸಿದ ಪಾಠ ಅದು. ಆದರೆ ಇಲಿಯಿಂದ ತಪ್ಪಿಸಿಕೊಳ್ಳಲು ಬೆಳೆದ ಬಡಾವಣೆಯ ಕಲ್ಪನೆ ಚಕ್ಕುಲಿಯಿಂದ ತಪ್ಪಿಸಿಕೊಳ್ಳುವ ಹಂತಕ್ಕೆ ಯಾವಾಗ ಬಂತು ಎಂಬುದು ಸಂಶೋಧನಾರ್ಹ.

ಮಾಸ್ಟರ್ ಪ್ಲಾನಿನ ಕಾಲಮೀಮಾಂಸೆ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಫ್ರಾನ್ಸಿನ ಸಲಹಾಸಂಸ್ಥೆಯ ನೆರವಿನಿಂದ ತಯಾರಿಸಿದ, 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಾಸ್ಟರ್ ಪ್ಲಾನಿನ ಹೆಸರು ‘2015’. ಅದು ನಗರವನ್ನು ಮೂರು ವರ್ತುಲಗಳಾಗಿ ಕಂಡಿತು. ವಸತಿಯೊಳಗೇ ವಸತಿ ಮುಖ್ಯ, ವಸತಿ ಮಿಶ್ರ ಎಂಬ ಎರಡು ಜಾತಿಗಳನ್ನು ಸೃಷ್ಟಿಸಿತು. ಕೆಲವು ರಸ್ತೆಗಳಿಗೆ ‘ಮ್ಯುಟೇಷನ್ ಕಾರಿಡಾರ್’ ಎಂಬ ಬಿರುದನ್ನೂ ಕೊಟ್ಟಿತು. ಅಲ್ಲಿ ಮನೆಗಳು ರೂಪಾಂತರ ಹೊಂದಿ ಶೋರೂಮುಗಳಾಗಬಹುದು. ಪುರಾಣದಲ್ಲಿ ಇದಕ್ಕೆ ಶಾಪ ಬೇಕಿತ್ತು, ಇಲ್ಲಿ ಶುಲ್ಕ ಸಾಕು. 2015 ಮುಗಿದು ವರ್ಷಗಳೇ ಕಳೆದರೂ ನಗರ ನಡೆಯುತ್ತಿರುವುದು ಅದೇ ಪುಸ್ತಕದ ಮೇಲೆ. 2031ರ ಹೆಸರಿನ ಕರಡು 2017ರಲ್ಲಿ ಹೊರಬಂತು, 2020ರಲ್ಲಿ ಹಿಂದಕ್ಕೆ ಹೋಯಿತು. ಹೀಗೆ ಅವಧಿ ಮೀರಿದ ಯೋಜನೆಯೊಂದು, ತಾನು ತಯಾರಿಸಿದ ತಿನಿಸಿನ ಪ್ಯಾಕೆಟ್ಟಿನ ಮೇಲೆ ದಿನಾಂಕ ಬರೆಯುವ ಹೆಂಗಸಿನ ಮೇಲೆ ಚಲಾವಣೆಯಾಗುತ್ತದೆ.

ಈ ಯೋಜನೆ ವಸತಿ ಪ್ರದೇಶಗಳಲ್ಲೂ ಸಣ್ಣಪುಟ್ಟ ವ್ಯವಹಾರಕ್ಕೆ ಜಾಗ ಬಿಟ್ಟಿತ್ತು. ಆ ಸಂದಿಯಲ್ಲಿ ದೊಡ್ಡವರು ನುಗ್ಗಿದರು. ಕೋರಮಂಗಲ, ಇಂದಿರಾನಗರಗಳಲ್ಲಿ ಪಬ್ಬುಗಳ ಸದ್ದಿಗೆ ರಾತ್ರಿ ನಿದ್ದೆ ಕೆಟ್ಟವರು, ಗೇಟಿನೆದುರು ಅಪರಿಚಿತರ ವಾಂತಿ ತೊಳೆದವರು ಬೀದಿಗಿಳಿದರು. ನಗರದ ನಿವಾಸಿಗಳು ಹೈಕೋರ್ಟಿನ ಮೆಟ್ಟಿಲೂ ಹತ್ತಿದರು. ಅವರ ಕಷ್ಟ ನಿಜವಾದದ್ದು. ಆ ಅರ್ಜಿಗೆ ನಾನೂ ಸಹಿ ಹಾಕುತ್ತಿದ್ದೆ. ಕೊನೆಗೆ ಬಂದ ಪರಿಹಾರ ಮಾತ್ರ ಟೇಪಿನದು: ವಸತಿ ಪ್ರದೇಶದಲ್ಲಿ ನಲವತ್ತಡಿಗಿಂತ ಕಿರಿದಾದ ರಸ್ತೆಯಾದರೆ ವ್ಯಾಪಾರ ಇಲ್ಲ, ಟ್ರೇಡ್ ಲೈಸೆನ್ಸ್ ಇಲ್ಲ. ಈಗ ಲೆಕ್ಕ ಹಾಕಿ. ಇಂದಿರಾನಗರದ ಪಬ್ಬುಗಳ ರಸ್ತೆಯ ಹೆಸರೇ ಹಂಡ್ರೆಡ್ ಫೀಟ್ ರೋಡ್. ಪಬ್ಬಿಗೆ ಅಗಲ ಸಾಕಷ್ಟಿದೆ. ಸಾಲದೆ ಬಂದದ್ದು ಚಕ್ಕುಲಿಗೆ.

ಕ್ಷೇತ್ರಕಾರ್ಯ

ಅರ್ಜಿಯ ಫಲವಾಗಿ ಟೇಪು ಹಿಡಿದ ಇಬ್ಬರು ಬಂದರು. ರಸ್ತೆಯನ್ನು ಮೋರಿಯಿಂದ ಮೋರಿಗೆ ಅಳೆಯಬೇಕೋ ಕಾಂಪೌಂಡಿನಿಂದ ಕಾಂಪೌಂಡಿಗೋ ಎಂಬ ಬಗ್ಗೆ ಅವರಲ್ಲೇ ಪಾಠಾಂತರಗಳಿದ್ದವು. ಹೇಗೆ ಅಳೆದರೂ ಮೂವತ್ತು ದಾಟಲಿಲ್ಲ. ಎರಡೂ ಬದಿಗೆ ಸಂಘದ ಸದಸ್ಯರ ಕಾರುಗಳು ನಿಂತ ಮೇಲೆ ಉಳಿಯುವುದು ಹಾಲಿನ ಟೆಂಪೋ ಉಸಿರು ಬಿಗಿಹಿಡಿದು ದಾಟುವಷ್ಟು ಜಾಗ. ಆ ಕಾರುಗಳು ಯಾವ ವಲಯಕ್ಕೆ ಸೇರುತ್ತವೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಅಧ್ಯಕ್ಷರು ಟೇಪಿನ ಒಂದು ತುದಿಯನ್ನು ತಾವೇ ಹಿಡಿದುಕೊಂಡು ಹೇಳಿದರು: “ನಮಗೆ ವೈಯಕ್ತಿಕವಾಗಿ ಏನೂ ತೊಂದ್ರೆ ಇಲ್ಲಮ್ಮ. ಆದ್ರೆ ರೂಲ್ಸ್ ಅಂದ್ರೆ ರೂಲ್ಸ್ ಅಲ್ವಾ. ಇವತ್ತು ಚಕ್ಕುಲಿ ಅಂತಾರೆ, ನಾಳೆ ಇನ್ನೊಬ್ರು ಬಾರ್ ಅಂತಾರೆ.”

ಚಕ್ಕುಲಿಯಿಂದ ಬಾರ್‌ಗೆ ಕರೆದೊಯ್ಯುವ ಈ ತಾರ್ಕಿಕ ಜಿಗಿತ ನ್ಯಾಯಶಾಸ್ತ್ರಕ್ಕೆ ನಮ್ಮ ಬಡಾವಣೆಯ ಕೊಡುಗೆ.

ಗೃಹೋದ್ಯಮೀಯ ಉಪದ್ರವಗಳ ವರ್ಗೀಕರಣ

ಇಂತಹ ಉಪದ್ರವಗಳನ್ನು ಪ್ರಧಾನವಾಗಿ ಹನ್ನೊಂದು ಬಗೆಗಳಲ್ಲಿ ವಿಂಗಡಿಸಬಹುದಾಗಿದೆ.

ಮೊದಲನೆಯದು ಘ್ರಾಣಾತ್ಮಕ. ಬಾಣಲೆ, ಸಾರಿನ ಪುಡಿ, ಹಪ್ಪಳದ ಹಿಟ್ಟಿನ ಇಂಗು ಇದರಲ್ಲಿ ಬರುತ್ತವೆ. ಬಾರ್ಬೆಕ್ಯೂ ಬರುವುದಿಲ್ಲ, ಏಕೆಂದರೆ ಅದು ನಾಲ್ಕನೆಯ ಮಹಡಿಯ ಟೆರೇಸಿನಲ್ಲಿ ವಾರಾಂತ್ಯದಲ್ಲಿ ನಡೆಯುತ್ತದೆ.

ಎರಡನೆಯದು ಶ್ರವಣಾತ್ಮಕ. ಹೊಲಿಗೆ ಮಿಷನ್ನಿನ ಟಕಟಕ, ಸಂಜೆಯ ಸಂಗೀತ ಪಾಠದ ಸರಳೆ ವರಸೆ. ಕೊನೆಯದರ ಬಗ್ಗೆ ದೂರು ಕೊಟ್ಟವರ ಮೊಮ್ಮಗಳೇ ಅಲ್ಲಿ ಕಲಿಯುತ್ತಿರುವುದರಿಂದ ದೂರು ಸದ್ಯ ಮಂದ್ರಸ್ಥಾಯಿಯಲ್ಲಿ ನಿಂತಿದೆ.

ಮೂರನೆಯದು ದೃಶ್ಯಾತ್ಮಕ. ಗೇಟಿಗೆ ತಂತಿಯಲ್ಲಿ ಕಟ್ಟಿದ ‘ಸೀರೆಗೆ ಕುಚ್ಚು, ಫಾಲ್ಸ್, ಜಿಗ್‌ಜಾಗ್ ಮಾಡಿಕೊಡಲಾಗುವುದು’ ಎಂಬ ರಟ್ಟಿನ ಬೋರ್ಡು ಬಡಾವಣೆಯ ಸೌಂದರ್ಯಪ್ರಜ್ಞೆಗೆ ಒಡ್ಡುವ ಸವಾಲು.

ನಾಲ್ಕನೆಯದು ಪಾದರಕ್ಷಾತ್ಮಕ. ಟ್ಯೂಷನ್ ಮನೆಯ ಬಾಗಿಲಲ್ಲಿ ಮಕ್ಕಳು ಬಿಟ್ಟ ಚಪ್ಪಲಿಗಳು.

ಐದನೆಯದು... ಇರಲಿ ಬಿಡಿ. ಹನ್ನೊಂದೂ ಬರೆದಿಟ್ಟಿದ್ದೆ, ಈಗ ಕೈ ಬರುತ್ತಿಲ್ಲ. ಪಟ್ಟಿಯಲ್ಲಿ ಎಲ್ಲೂ ಬಾರದ ಒಂದು ಜಾತಿ ಇದೆ, ಹೇಳಬೇಕಾದದ್ದು ಅದನ್ನು.

ನಮ್ಮ ಬೀದಿಯ ಮೂರನೆಯ ಮನೆಯಲ್ಲಿ ವಕೀಲರೊಬ್ಬರು ಕಕ್ಷಿದಾರರನ್ನು ಕಾಣುತ್ತಾರೆ. ಎದುರು ಮನೆಯ ಹುಡುಗ ಬೆಳಗಿನಿಂದ ಮೂರೂವರೆಯ ತನಕ ಷೇರು ಮಾರುತ್ತಾನೆ, ಕೊಳ್ಳುತ್ತಾನೆ. ಮೂಲೆಯ ಮನೆ ಪೂರ್ತಿ ಪಿಜಿ ಆಗಿದೆ, ಒಂದೊಂದು ಕೋಣೆಗೆ ಮೂರು ಮಂಚ. ಅಧ್ಯಕ್ಷರ ಕನ್ಸಲ್ಟೆನ್ಸಿಯ ಜಿಎಸ್‌ಟಿ ನೋಂದಣಿ ಇರುವುದು ಅವರ ಮನೆಯ ವಿಳಾಸಕ್ಕೇ. 2020ರ ಮಾರ್ಚಿನಲ್ಲಿ ಈ ಊರಿನ ಸಾಫ್ಟ್‌ವೇರ್ ಕಂಪನಿಗಳು ಮನೆಮನೆಯ ಊಟದ ಮೇಜಿಗೆ ಬಂದು ಕುಳಿತವು. ಲಕ್ಷಾಂತರ ಮನೆಗಳು ಒಂದೇ ವಾರದಲ್ಲಿ ಆಫೀಸುಗಳಾದವು. ಯಾವ ರಸ್ತೆಗೂ ಟೇಪು ಬರಲಿಲ್ಲ. ಬರಬೇಕಿತ್ತು ಅನ್ನುತ್ತಿಲ್ಲ. ಆದರೆ ಅದಕ್ಕೆ ವರ್ಕ್ ಫ್ರಂ ಹೋಮ್ ಅಂದವರು ಇದಕ್ಕೆ ಅನಧಿಕೃತ ಚಟುವಟಿಕೆ ಅನ್ನುತ್ತಾರೆ. ಲ್ಯಾಪ್‌ಟಾಪಿಗೆ ವಾಸನೆ ಇಲ್ಲ, ಅಷ್ಟೇ. ಕಾನೂನಿಗೆ ಇರುವುದು ಬರೀ ಮೂಗು. ಆ ಮೂಗಿಗೂ ಬಡವರ ಮನೆಯ ಎಣ್ಣೆ ಮಾತ್ರ ಹತ್ತುತ್ತದೆ. ಇದಕ್ಕೆ ಸಂಕಥನ, ನೆಲೆಗಟ್ಟು, ಪಲ್ಲಟ ಅಂತ ಇನ್ನೂ ಎಷ್ಟು ಪುಟ ಬರೆಯುವುದು? ಸೆಮಿನಾರುಗಳಲ್ಲಿ ‘ಅಂಚಿನ ಸಮುದಾಯದ ಮಹಿಳಾ ಕರ್ತೃತ್ವ’ ಅಂತ ಪ್ರಬಂಧ ಮಂಡಿಸಿ ಬಂದವರೊಬ್ಬರ ಸಹಿಯೂ ಆ ಅರ್ಜಿಯಲ್ಲಿದೆ. ಹೆಸರಿನ ಹಿಂದೆ ಡಾ. ಅಂತ ಸ್ಪಷ್ಟವಾಗಿ ಬರೆದಿದ್ದಾರೆ.

ಆ ಹೆಂಗಸಿನ ಅಡುಗೆಮನೆಯ ಗೋಡೆಗೆ ಒಂದು ಕಾಗದ ಕಟ್ಟು ಹಾಕಿಸಿ ತೂಗುಹಾಕಿದೆ: ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ. ವರ್ಷಕ್ಕೆ ನೂರು ರೂಪಾಯಿ ಕಟ್ಟಿ ಸಣ್ಣ ತಯಾರಕರು ಮಾಡಿಸಿಕೊಳ್ಳುವ ನೋಂದಣಿ ಅದು. ದೆಹಲಿಯ ಲೆಕ್ಕದಲ್ಲಿ ಆ ಅಡುಗೆಮನೆ ಒಂದು ಉದ್ಯಮ. ವಾರ್ಡಿನ ಲೆಕ್ಕದಲ್ಲಿ ಅದು ಉದ್ಯಮವಾಗಕೂಡದು. ಅದು ಉದ್ಯಮವೇ ಎಂದು ತೀರ್ಮಾನವಾದರೆ ಕರೆಂಟಿನವರು ಮೀಟರನ್ನು ವಾಣಿಜ್ಯ ದರದ ಎಲ್‌ಟಿ-3ಕ್ಕೆ ಬದಲಾಯಿಸಬಹುದು. ಮೂರು ಕಡೆಯಲ್ಲಿ ಮೂರು ಉತ್ತರ, ಮೂರಕ್ಕೂ ತೆರಬೇಕಾದವಳು ಒಬ್ಬಳೇ.

ಸಂಘದ ಸಭೆಗೆ ಅವಳನ್ನು ಕರೆಸಿದ್ದರು. ಪಾರ್ಕಿನ ಕಲ್ಲುಬೆಂಚಿನ ಮೇಲೆ ಪದಾಧಿಕಾರಿಗಳು. ಅವಳು ನಿಂತೇ ಇದ್ದಳು. ಯಾರೋ ಒಂದು ಅಂಗಡಿ ಬಾಡಿಗೆಗೆ ಹಿಡಿಯಬಾರದೇ ಅಂದರು. ಅವಳು ಹೇಳಿದ್ದು ಇಷ್ಟು: “ಮೇನ್ ರೋಡಲ್ಲಿ ಅಂಗಡಿಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರೆ ಸರ್. ಅಷ್ಟು ದುಡ್ಡಿದ್ದಿದ್ರೆ ನಾನ್ಯಾಕೆ ಚಕ್ಕುಲಿ ಒತ್ತಲಿ? ಅತ್ತೆ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು. ಮಗ್ಗುಲು ಬದಲಾಯಿಸೋಕೂ ನಾನೇ ಬೇಕು. ಅವರು ಕೂಗಿದ್ರೆ ಕೇಳೋ ಹಾಗಿರಬೇಕು, ಅದಕ್ಕೆ ಮನೇಲೇ ಮಾಡೋದು.” ಯಾರೂ ಮಾತಾಡಲಿಲ್ಲ. ಕಾರ್ಯದರ್ಶಿಗಳು ಅಜೆಂಡಾದ ಮುಂದಿನ ವಿಷಯ ಓದಿದರು: ಬೀದಿನಾಯಿಗಳು.

ಮುಂಬೈಯ ಗಿರಗಾಂವ್‌ನಲ್ಲಿ 1959ರ ಮಾರ್ಚ್ 15ರಂದು ಏಳು ಜನ ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು, ತಾವಿದ್ದ ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಅದೇ ಲಿಜ್ಜತ್. ಇವತ್ತಿಗೂ ಅದರ ಸದಸ್ಯೆಯರು ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ ತಂದುಕೊಡುತ್ತಾರೆ. ಸಾವಿರಾರು ಮನೆಗಳು, ಎಲ್ಲವೂ ವಾಸದ ಮನೆಗಳೇ. ಸದ್ಯ, ಆ ತಾರಸಿ ನಮ್ಮ ಬೀದಿಯಲ್ಲಿರಲಿಲ್ಲ.

ಹೊಗೆ ಬರುತ್ತದೆ ಎಂಬುದು ಸುಳ್ಳಲ್ಲ. ಪಕ್ಕದ ಮನೆಯಲ್ಲಿ ಉಬ್ಬಸದ ಮಗುವಿದೆ, ಆ ತಾಯಿಯ ದೂರು ನ್ಯಾಯವಾದದ್ದು. ಅವರು ಅರ್ಜಿಗೆ ಸಹಿ ಹಾಕಿಲ್ಲ ಎಂಬುದನ್ನೂ ಹೇಳಬೇಕು. ನೇರವಾಗಿ ಗೇಟಿಗೆ ಬಂದು, “ಅಕ್ಕ, ಆ ಕಡೆ ಕಿಟಕಿ ಮುಚ್ಚಿ ಕರೀರಿ” ಅಂದರು. ಅಂದಿನಿಂದ ಆ ಕಿಟಕಿ ಮುಚ್ಚಿದೆ, ಬಾಣಲೆಯ ಸೆಕೆ ಒಳಗೇ ನಿಲ್ಲುತ್ತದೆ. ಕರಿಯುವುದನ್ನು ನಿಲ್ಲಿಸಲು ವಾರ್ಡ್ ಕಚೇರಿ ಕೊಟ್ಟ ನೋಟಿಸಿನ ಗಡುವು ಈ ತಿಂಗಳ ಕೊನೆಗೆ ಮುಗಿಯುತ್ತದೆ.

ಓದುವವರಲ್ಲಿ ಯಾರಾದರೂ ಯಾವುದಾದರೂ ಕ್ಷೇಮಾಭಿವೃದ್ಧಿ ಸಂಘದ ಪದಾಧಿಕಾರಿಗಳಿದ್ದರೆ ಒಂದು ವಿನಂತಿ. ಅರ್ಜಿ ಬರೆಯುವ ಮುಂಚೆ ಆ ಮನೆಯ ಬೆಲ್ ಒತ್ತಿ. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ ಕರಿಯುತ್ತೀರಿ, ಹೊಗೆ ಮೇಲಕ್ಕೆ ಹೋಗುವಂತೆ ಕೊಳವೆ ಏರಿಸಲು ಎಷ್ಟಾಗುತ್ತದೆ, ಸಂಘದ ನಿಧಿಯಿಂದ ಅರ್ಧ ಕೊಟ್ಟರೆ ಆದೀತೇ ಎಂದು ಕೇಳಿ. ಗಣೇಶೋತ್ಸವದ ವಂತಿಗೆ ಕೇಳಲು ಪ್ರತಿ ವರ್ಷ ಅದೇ ಬೆಲ್ ಒತ್ತುತ್ತೀರಿ, ಅವರು ಕೊಡುತ್ತಾರೆ.