ಪಾಪರ್ ಆದವನಿಗೆ ಸಂಬಳ ಜಾಸ್ತಿಯಾದರೆ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಜನಕ್ಕೆ ಇದ್ದ ಕೆಲಸ ಬಿಡುವ ಧೈರ್ಯ ಮೊದಲಿನಿಂದಲೂ ಇದೆ. ತಾಳಗುಂದದ ಮಯೂರಶರ್ಮ ವೇದ ಓದಲೆಂದು ಕಂಚಿಗೆ ಹೋದವನು. ಅಲ್ಲಿ ಪಲ್ಲವರ ಕುದುರೆ ಪಡೆಯವರ ಜೊತೆ ಜಗಳವಾಗಿ, ಓದು ಬಿಟ್ಟು ಕತ್ತಿ ಹಿಡಿದು, ಕದಂಬ ರಾಜ್ಯ ಕಟ್ಟಿದ ಎಂದು ಊರಿನ ಕಂಬದ ಶಾಸನವೇ ಸಾಕ್ಷಿ ಹೇಳುತ್ತದೆ. ಉಡುತಡಿಯ ಅಕ್ಕಮಹಾದೇವಿ ಅರಮನೆಯನ್ನೇ ಬಿಟ್ಟು ನಡೆದಳು. ಬಿ.ಎಸ್. ಯಡಿಯೂರಪ್ಪನವರು 1965ರಲ್ಲಿ ಸಿಕ್ಕಿದ ಸಮಾಜ ಕಲ್ಯಾಣ ಇಲಾಖೆಯ ಗುಮಾಸ್ತಗಿರಿ ಬಿಟ್ಟು ಶಿಕಾರಿಪುರದ ಅಕ್ಕಿ ಗಿರಣಿಗೆ ಗುಮಾಸ್ತರಾಗಿ ಬಂದರು, ಗಿರಣಿ ಮಾಲೀಕರ ಅಳಿಯನಾದರು, ಮುಂದೆ ನಾಲ್ಕು ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಕುಬಟೂರಿನ ಎಸ್. ಬಂಗಾರಪ್ಪನವರಂತೂ ಪಕ್ಷಗಳನ್ನೇ ಬಿಟ್ಟರು. ಸೇರಲು ಒಳ್ಳೆಯ ಪಕ್ಷ ಕಾಣದಿದ್ದಾಗ ತಾವೇ ಒಂದು ಕಟ್ಟಿಕೊಂಡರು.

ಆದರೆ ಇವರಲ್ಲಿ ಯಾರ ಚರಿತ್ರೆಯಲ್ಲೂ ಸೋಮವಾರದ ಸಂಘದ ಸಾಲದ ಕಂತಿನ ಪ್ರಸ್ತಾಪ ಬರುವುದಿಲ್ಲ. ಕೆಲಸ ಬದಲಾಯಿಸುವ ವಿಷಯದಲ್ಲಿ ಚರಿತ್ರೆಯಿಂದ ಪಾಠ ಕಲಿಯಬೇಕು ಅನ್ನುವವರು ಈ ವ್ಯತ್ಯಾಸವನ್ನು ಮೊದಲು ಬರೆದಿಟ್ಟುಕೊಳ್ಳಬೇಕು.

ನಮ್ಮ ಕಥಾನಾಯಕನಿಗೆ ಹೆಸರು ಬೇಡ. ಶಿರಾಳಕೊಪ್ಪದಿಂದ ಆನವಟ್ಟಿಯವರೆಗೆ ಯಾವ ಹೋಟೆಲಿನ ಬೆಂಚಿನ ಮೇಲೆ ಕೂತರೂ ಅಂಥ ಇಬ್ಬರು ಸಿಗುತ್ತಾರೆ. ಬ್ಯಾಂಕಿನ ಪುಸ್ತಕದಲ್ಲಿರುವಂತೆ ಸುಸ್ತಿದಾರ ಎಂದೇ ಕರೆಯೋಣ. 2023ರಲ್ಲಿ ಶುಂಠಿ ಬೆಲೆ ಗಗನಕ್ಕೇರಿದ್ದನ್ನು ಕಣ್ಣಾರೆ ಕಂಡು, ಮರುವರ್ಷ ಎರಡೆಕರೆ ಗುತ್ತಿಗೆ ಹಿಡಿದು ಶುಂಠಿ ಹಾಕಿದ. ಊರಿಗೆ ಊರೇ ಅದೇ ಬುದ್ಧಿವಂತಿಕೆ ಮಾಡಿತ್ತು. ಅರ್ಧ ಗಡ್ಡೆ ಕೊಳೆರೋಗಕ್ಕೆ ಹೋಯಿತು. ಉಳಿದರ್ಧ ಕೀಳುವ ಹೊತ್ತಿಗೆ 60 ಕೆ.ಜಿ. ಚೀಲದ ಬೆಲೆ ಕಿತ್ತವರ ಕೂಲಿಗೂ ಸಾಲದ ಮಟ್ಟಕ್ಕೆ ಇಳಿಯಿತು. ಈಗ ಬ್ಯಾಂಕಿನಲ್ಲಿ ಬೆಳೆಸಾಲ, ಹೆಂಡತಿ ಹೆಸರಲ್ಲಿ ಎರಡು ಸಂಘ, ಗೊಬ್ಬರದಂಗಡಿಯಲ್ಲಿ ಉದ್ರಿ, ಭಾವನ ಹತ್ತಿರ ಕೈಗಡ, ಒಂದು ಖಾಸಗಿ ಫೈನಾನ್ಸಿನಿಂದ ಕೋರ್ಟಿನ ನೋಟಿಸು. ಶಿಕಾರಿಪುರದ ಭ್ರಾಂತೇಶ, ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ ಮೂವರು ಆಂಜನೇಯರನ್ನೂ ಒಂದೇ ದಿನದಲ್ಲಿ ದರ್ಶನ ಮಾಡಿ ಬಂದದ್ದಾಗಿದೆ. ಸದ್ಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ತಿಂಗಳಿಗೆ 16,000 ರೂಪಾಯಿ.

ಹೀಗಿರುವಾಗ ಬೆಂಗಳೂರಿನಿಂದ ಫೋನು ಬಂತು. ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ, 25,000 ಸಂಬಳ, ಪಿಎಫ್ ಉಂಟು, ಸಂಬಳದ ಚೀಟಿಯೂ ಉಂಟು. ಮನೆಯಲ್ಲಿ ಪಾಯಸ ಮಾಡಬೇಕಾದ ಸುದ್ದಿ. ಸುಸ್ತಿದಾರ ಮಾತ್ರ ಜ್ವರ ಬಂದವರ ಮುಖ ಮಾಡಿಕೊಂಡು ವಕೀಲರ ಮನೆಗೆ ಓಡಿದ.

ವಕೀಲರು ಸಮಾಧಾನವಾಗಿ ಕೇಳಿ, ಕನ್ನಡಕ ತೆಗೆದು ಒರೆಸಿ ಹೇಳಿದರು: “ಅವಸರ ಮಾಡಬೇಡ ಮಾರಾಯ. ಸಂಬಳ ಜಾಸ್ತಿ ಮಾಡ್ಕೊಳ್ಳೋದು ಸುಲಭ, ಅದರಿಂದ ಹೊರಗೆ ಬರೋದು ಕಷ್ಟ.”

ಆಮೇಲೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ತೆರೆದರು. ಅದರಷ್ಟು ಕರುಣಾಮಯವಾದ ಕಲಮು ಇನ್ನೊಂದಿಲ್ಲ. ಸಾಲಕ್ಕೆ ಡಿಕ್ರಿ ಆದರೂ ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆಗಳನ್ನು ಜಪ್ತಿ ಮಾಡುವಂತಿಲ್ಲ. ರೈತನಾದರೆ ನೇಗಿಲು, ಅಗತ್ಯದ ಎತ್ತು, ಬಿತ್ತನೆ ಬೀಜ ಮುಟ್ಟುವಂತಿಲ್ಲ. ಧರ್ಮಾಚಾರದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಕೇಳುವಂತಿಲ್ಲ. ನೂರಕ್ಕೂ ಹೆಚ್ಚು ವರ್ಷದಿಂದ ಕಾನೂನು ಆ ತಾಳಿಯನ್ನು ಜೋಪಾನವಾಗಿ ಕಾಯುತ್ತಿದೆ. ಬಿತ್ತನೆ ಶುಂಠಿಗೆಂದು ನಮ್ಮವನೇ ಅದನ್ನು ಅಡವಿಟ್ಟು ಬಂದ ಸಂಗತಿ ಕಾನೂನಿಗೆ ಇನ್ನೂ ತಿಳಿದಿಲ್ಲ, ಅಷ್ಟೆ.

ಸಂಬಳದ ವಿಷಯಕ್ಕೆ ಬಂದರೆ, ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಪಾಲು ನೌಕರನಿಗೆ. ಮಿಕ್ಕಿದ್ದು ಸಾಲ ಕೊಟ್ಟವನಿಗೆ. 16,000 ಸಂಬಳದಲ್ಲಿ 5,000 ಹೋಗುತ್ತದೆ, 11,000 ಕೈಗೆ ಬರುತ್ತದೆ. 25,000 ಆದರೆ 8,000 ಹೋಗಿ 17,000 ಉಳಿಯುತ್ತದೆ. ಒಟ್ಟು 24 ತಿಂಗಳು ಹೀಗೆ ಹಿಡಿದ ಮೇಲೆ ಅದೇ ಡಿಕ್ರಿಗೆ ಸಂಬಳ ಮುಟ್ಟುವಂತಿಲ್ಲ. ಅಂದರೆ 9,000 ಬಡ್ತಿಯಲ್ಲಿ 3,000 ಫೈನಾನ್ಸಿನವನದು, 6,000 ಇವನದು. ಈ 6,000ದಲ್ಲಿ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ, ಎರಡು ಹೊತ್ತಿನ ಊಟ, ಸಿಟಿ ಬಸ್ಸು, ಹಬ್ಬಕ್ಕೆ ಊರಿಗೆ ಬರುವ ರಾತ್ರಿ ಬಸ್ಸು ಎಲ್ಲ ಆಗಬೇಕು. ಗುಣಾಕಾರ, ಭಾಗಾಕಾರ ಹೇಗೆ ಮಾಡಿದರೂ ನಮ್ಮವನು ಬಡ್ತಿ ಪಡೆದು ಊರಲ್ಲಿದ್ದಾಗಿನದಕ್ಕಿಂತ ಬಡವನಾಗುತ್ತಾನೆ. ಲಾಭ ನಿಶ್ಚಿತವಾಗಿ ಆಗುವುದು ಫೈನಾನ್ಸಿನವನಿಗೆ. ಈ ಕೆಲಸಕ್ಕೆ ನಿಜವಾಗಿ ಅರ್ಜಿ ಹಾಕಬೇಕಾದವನು ಅವನೇ.

“ಹಾಗಾದ್ರೆ ನಾ ಏನು ಮಾಡ್ಲಿ ಸಾರ್?”

“ಕೂಲಿಗೆ ಹೋಗು” ಅಂದರು ವಕೀಲರು.

ತಮಾಷೆಯಲ್ಲ. ಅದೇ ಕಲಮಿನ ಪ್ರಕಾರ ಕೂಲಿಯವರ ಮತ್ತು ಮನೆಗೆಲಸದವರ ಕೂಲಿಯನ್ನು ಒಂದು ಪೈಸೆಯೂ ಜಪ್ತಿ ಮಾಡುವಂತಿಲ್ಲ. ಕೊಯ್ಲಿನ ಕಾಲದಲ್ಲಿ ಅಡಕೆ ಮರ ಹತ್ತುವ ಕೊನೆಗೌಡನ ದಿನದ ದುಡಿಮೆ ಖಾಸಗಿ ಶಾಲೆ ಮೇಷ್ಟ್ರ ದಿನದ ಸಂಬಳವನ್ನು ಯಾವತ್ತೋ ದಾಟಿಹೋಗಿದೆ. ಅದು ಕೋರ್ಟಿನ ಕೈಗೂ ಎಟುಕುವುದಿಲ್ಲ, ಏಕೆಂದರೆ ಅವನು ಮರದ ಮೇಲಿದ್ದಾನೆ. ಬಿ.ಕಾಂ. ಓದಿ ನೆಲದ ಮೇಲೆ ಕೂತು ಲೆಕ್ಕ ಬರೆದದ್ದೇ ನಮ್ಮ ಸುಸ್ತಿದಾರನ ಮೊದಲ ಆರ್ಥಿಕ ಅಪರಾಧ.

ಹಾಗಾದರೆ ಒಂದೇ ಸಲ ಪಾಪರ್ ಎಂದು ಘೋಷಿಸಿಕೊಂಡು ಕೈ ತೊಳೆದುಕೊಂಡರೆ? ಅದಕ್ಕೂ ದಾರಿ ಇದೆ, ಅದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ಮೂಲ ಕಾಯಿದೆಯಲ್ಲಿ ಅರ್ಜಿ ಹಾಕಲು ಬೇಕಾದ ಕನಿಷ್ಠ ಸಾಲ 500 ರೂಪಾಯಿ. ಆ ಅರ್ಹತೆ ಇಲ್ಲದವರು ಶಿರಾಳಕೊಪ್ಪದ ಸಂತೆಯಲ್ಲಿ ಇಂದು ಹುಡುಕಿದರೂ ಸಿಕ್ಕಲಾರರು. ತೊಡಕು ಇರುವುದು ಆಮೇಲೆ. ದಿವಾಳಿ ಎಂದು ಆದೇಶವಾದ ದಿನದಿಂದ ಬಿಡುಗಡೆಯ ಆದೇಶ ಬರುವವರೆಗೆ ಇವನು ಹೊಸದಾಗಿ ಸಂಪಾದಿಸಿದ ಆಸ್ತಿಯೂ ನೇರ ಕೋರ್ಟಿನ ವಶಕ್ಕೆ. ನಡುವೆ ಅಪ್ಪ ತೀರಿಕೊಂಡು ಜಮೀನು ಪಾಲಿಗೆ ಬಂದರೆ ಅದೂ ಅಲ್ಲಿಗೇ. ದುಡಿಯಬಾರದು ಎಂದು ಕಾಯಿದೆ ಎಲ್ಲೂ ಹೇಳುವುದಿಲ್ಲ. ದುಡಿದು ಕೂಡಿಹಾಕಬಾರದು ಎಂದಷ್ಟೇ ಅದರ ಸಲಹೆ.

ಕಾಲ ಬದಲಾಗಿದೆ, 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿದೆಯಲ್ಲ ಎಂದು ಓದಿಕೊಂಡವರು ಕೇಳಬಹುದು. ಬಂದಿದೆ. ಕಂಪನಿಗಳಿಗೆ ಆ ವರ್ಷವೇ ಬಾಗಿಲು ತೆರೆಯಿತು. ಬಡ ಸಾಲಗಾರನಿಗೂ ಅದರಲ್ಲಿ ‘ಹೊಸ ಆರಂಭ’ ಎಂಬ ಅಧ್ಯಾಯವಿದೆ, ಸಾಲ ಮನ್ನಾ ಮಾಡಿ ಬದುಕು ಮತ್ತೆ ಶುರುಮಾಡಿಸುವ ಅಧ್ಯಾಯ. ಷರತ್ತುಗಳು ನಾಲ್ಕಾರು: ವರ್ಷದ ಆದಾಯ 60,000 ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ತಿಂಗಳಿಗೆ 5,000 ದುಡಿದು, ಮನೆಯಿಲ್ಲದೆ, 35,000 ಒಳಗೆ ಸಾಲ ಮಾಡಿ ಪಾಪರ್ ಆಗುವ ಶಿಸ್ತು ಇರುವ ಮನುಷ್ಯ ನಮ್ಮ ಎರಡೂ ತಾಲ್ಲೂಕಿನಲ್ಲಿ ಸಿಕ್ಕರೆ ಅವನಿಗೆ ಮನ್ನಾ ಅಲ್ಲ, ಸನ್ಮಾನ ಮಾಡಬೇಕು. ಆದರೂ ಚಿಂತೆಗೆ ಕಾರಣವಿಲ್ಲ, ಏಕೆಂದರೆ ಆ ಅಧ್ಯಾಯ ಜಾರಿಗೇ ಬಂದಿಲ್ಲ. ವ್ಯಕ್ತಿಗಳ ದಿವಾಳಿಯ ಬೇರೆ ಕಲಮುಗಳೂ 2019ರ ಡಿಸೆಂಬರ್ 1ರಿಂದ ಅನ್ವಯವಾಗಿರುವುದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮವನು ಜಾಮೀನು ನಿಂತದ್ದು ಭಾವನ ಟಿಲ್ಲರಿಗೆ.

ರಾಜ್ಯ ಸರ್ಕಾರವೂ ಸುಮ್ಮನೆ ಕೂತಿಲ್ಲ. ಖಾಸಗಿ ಲೇವಾದೇವಿಯವರ ಸಾಲ ಮನ್ನಾ ಮಾಡುವ ಋಣ ಪರಿಹಾರ ಕಾಯಿದೆ 2019ರಲ್ಲಿ ಜಾರಿಗೆ ಬಂತು. ದುರ್ಬಲ ವರ್ಗದವರ ವಾರ್ಷಿಕ ಆದಾಯದ ಮಿತಿ 1.20 ಲಕ್ಷ, ಅರ್ಜಿ ಹಾಕಲು ಇದ್ದದ್ದು 90 ದಿನ, ಹಾಕಬೇಕಾಗಿದ್ದದ್ದು ಉಪವಿಭಾಗಾಧಿಕಾರಿಯ ಕಚೇರಿಗೆ. ಶಿಕಾರಿಪುರ, ಸೊರಬದವರಿಗೆ ಅದು ಸಾಗರದಲ್ಲಿದೆ. ಸಾಲ ತೀರಿಸಲಾಗದವರು ಸಾಗರಕ್ಕೆ ಹೋಗಿಬರಲು ಕೈಗಡ ಮಾಡಿದ್ದರೆ, ಆ ಕೈಗಡ ಮಾತ್ರ ಕಾಯಿದೆಯ ಆಚೆಗೆ ಉಳಿಯಿತು.

ಈ 1.20 ಲಕ್ಷವನ್ನು ಗಮನಿಸಿ. ಬಿಪಿಎಲ್ ಕಾರ್ಡಿನ ಗೆರೆಯೂ ಅದೇ. ನಮ್ಮ ಸುಸ್ತಿದಾರನ ಈಗಿನ ಸಂಬಳವೇ ಆ ಗೆರೆ ದಾಟಿದೆ, ಆದರೆ ಕಾಗದ ದಾಟಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಇವನ ವರ್ಷದ ಆದಾಯ ಮೂವತ್ತು ಸಾವಿರ. ಫೈನಾನ್ಸಿನ ಸಾಲದ ಅರ್ಜಿಯಲ್ಲಿ ಐದು ಲಕ್ಷ. ಎರಡಕ್ಕೂ ಇವನೇ ಸಹಿ ಹಾಕಿದ್ದಾನೆ, ಎರಡನ್ನೂ ಓದಿದವರು ನಂಬಿದ್ದಾರೆ. ನಿಜ ಗೊತ್ತಿರುವುದು ಅಕ್ಕಿ ಡಬ್ಬದ ತಳ ನೋಡುವ ಹೆಂಡತಿಗೆ ಒಬ್ಬಳಿಗೇ. ಇಷ್ಟು ಅಚ್ಚುಕಟ್ಟಾಗಿ ನಿಂತ ವ್ಯವಸ್ಥೆಯನ್ನು ಬೆಂಗಳೂರಿನವರು ಒಂದು ಸಂಬಳದ ಚೀಟಿ ಕೊಟ್ಟು ಕೆಡವಲು ಹೊರಟಿದ್ದಾರೆ. ಅದು ಬಂದ ದಿನ ಇವನು ಅಕ್ಕಿಗೆ ಶ್ರೀಮಂತ, ಕೋರ್ಟಿಗೆ ನೌಕರ, ಬ್ಯಾಂಕಿಗೆ ಮಾತ್ರ ಹಳೆಯ ಸುಸ್ತಿದಾರ. ಸಿಬಿಲ್ ಅಂಕ ನೋಡಿ ಹೊಸ ಸಾಲ ಕೊಡುವುದಿಲ್ಲ, ಸಂಬಳ ನೋಡಿ ಹಳೆಯದನ್ನು ಬಿಡುವುದಿಲ್ಲ.

ವಸೂಲಿಯವರ ಭಾಷೆ ಮಾತ್ರ ಸುಧಾರಿಸಿದೆ. 2025ರ ಫೆಬ್ರುವರಿಯಲ್ಲಿ ಕಿರುಸಾಲದ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಸುಗ್ರೀವಾಜ್ಞೆ ಬಂತು. ಆಮೇಲೆ ಬಾಗಿಲಿಗೆ ಬರುವ ಹುಡುಗ ಚಪ್ಪಲಿ ಹೊರಗೆ ಬಿಟ್ಟು ಬರುತ್ತಾನೆ. “ಅಣ್ಣಾ, ಬೆಂಗಳೂರಲ್ಲಿ ಒಳ್ಳೆ ಕೆಲ್ಸ ಸಿಕ್ತಂತೆ, ಖುಷಿಯಾಯ್ತು. ಹೋಗೋಕೆ ಮುಂಚೆ ಮೂರು ಕಂತು ಕಟ್ಟಿ ಹೋಗಿ” ಎನ್ನುತ್ತಾನೆ. ಸುದ್ದಿ ನಮ್ಮವನ ಹೆಂಡತಿಗಿಂತ ಮೊದಲು ಅವನಿಗೆ ತಿಳಿದಿತ್ತು.

ದಾರಿ ಕಾಣದ ಸುಸ್ತಿದಾರ ಒಂದು ರಾತ್ರಿ ರಾಜಕೀಯ ಸೇರುವ ಯೋಚನೆಯನ್ನೂ ಮಾಡಿದ. ಅಕ್ಕಪಕ್ಕದ ಎರಡು ತಾಲ್ಲೂಕುಗಳಿಂದ ಇಬ್ಬರು ಮುಖ್ಯಮಂತ್ರಿಗಳಾದ ಮೇಲೆ ಈ ಭಾಗದಲ್ಲಿ ಅದೂ ಒಂದು ಕಸುಬೇ. ವಕೀಲರು ಸಂವಿಧಾನದ 191ನೇ ವಿಧಿ ತೋರಿಸಿದರು: ಬಿಡುಗಡೆಯಾಗದ ದಿವಾಳಿಗ ಶಾಸಕನಾಗುವಂತಿಲ್ಲ. ಸದನದೊಳಗೆ ಹೋಗುವವರು ಸ್ವಂತ ಲೆಕ್ಕದಲ್ಲಿ ಪಾಪರ್ ಆಗಿರಬಾರದು. ಒಳಗೆ ಹೋದ ಮೇಲೆ ನೋಡಿಕೊಳ್ಳುವುದು ರಾಜ್ಯದ ಲೆಕ್ಕವಾದ್ದರಿಂದ ಅದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಪಾಪರ್ ಆದ ಮನೆಯಲ್ಲಿ ಹೆಚ್ಚಿನ ಸಂಬಳ ಒಪ್ಪಿಕೊಳ್ಳುವುದು ಹೇಗೆಂದು ತಿಳಿಯಬೇಕಾದರೆ ಹೋಗಬೇಕಾದ ಗುರುಕುಲವೂ ಅದೇ. 2025ರ ಮಾರ್ಚ್ 21. ಗ್ಯಾರಂಟಿಗಳಿಂದ ರಾಜ್ಯ ದಿವಾಳಿಯಾಯಿತು ಎಂದು ವಿರೋಧ ಪಕ್ಷದವರು ಅದಕ್ಕೆ ಮುಂಚಿನ ಎರಡು ವರ್ಷ ಗಂಟಲು ಹರಿದುಕೊಂಡಿದ್ದರು. ಕೇಂದ್ರ ನಮ್ಮ ಪಾಲು ಕೊಡುತ್ತಿಲ್ಲ ಎಂದು ಆಡಳಿತ ಪಕ್ಷದವರು ಅತ್ತಿದ್ದರು. ಅಂದು ಸದನದಲ್ಲಿ ಬೇರೆ ವಿಷಯಕ್ಕೆ ಗದ್ದಲ. ಆ ಗದ್ದಲದಲ್ಲೇ, ಚರ್ಚೆಯಿಲ್ಲದೆ, ಸಂಬಳದ ಮಸೂದೆಗಳು ಪಾಸಾದವು. ಶಾಸಕರಿಗೆ 40,000 ಇದ್ದದ್ದು 80,000, ಸಚಿವರಿಗೆ 60,000 ಇದ್ದದ್ದು 1.25 ಲಕ್ಷ, ಮುಖ್ಯಮಂತ್ರಿಗೆ 75,000 ಇದ್ದದ್ದು 1.5 ಲಕ್ಷ. ಭತ್ಯೆಗಳ ಲೆಕ್ಕ ಬೇರೆ. ಆಗ ಸೊರಬದ ಶಾಸಕರು ಸಚಿವರಾಗಿದ್ದರು, ಶಿಕಾರಿಪುರದ ಶಾಸಕರು ವಿರೋಧ ಪಕ್ಷದ ರಾಜ್ಯಾಧ್ಯಕ್ಷರಾಗಿದ್ದರು. ಹೆಚ್ಚಳ ಎರಡೂ ತಾಲ್ಲೂಕಿಗೆ ಪಕ್ಷಭೇದವಿಲ್ಲದೆ ತಲುಪಿತು. ಯಾರೂ ವಕೀಲರ ಮನೆಗೆ ಓಡಲಿಲ್ಲ, ಯಾರ ಅಕ್ಕಿಯೂ ನಿಲ್ಲಲಿಲ್ಲ, ಮೂರನೇ ಒಂದು ಪಾಲು ಯಾವ ಕೋರ್ಟಿಗೂ ಹೋಗಲಿಲ್ಲ.

ಅಂದೇ ಇನ್ನೊಂದು ಕೆಲಸವಾಯಿತು. ಗಲಾಟೆ ಮಾಡಿದ 18 ಶಾಸಕರನ್ನು ಸಭಾಧ್ಯಕ್ಷರು ಆರು ತಿಂಗಳು ಅಮಾನತು ಮಾಡಿದರು. ಹೋಗಲೊಪ್ಪದವರನ್ನು ಮಾರ್ಷಲ್‌ಗಳು ಎತ್ತಿಕೊಂಡು ಹೋಗಿ ಹೊರಗೆ ಬಿಟ್ಟರು.

ಸುಸ್ತಿದಾರ ಇದನ್ನೆಲ್ಲ ಕೇಳಿ ಒಂದು ಮನವಿ ಬರೆದಿದ್ದಾನೆ. ಕನಿಕರದ ಮಾತು ಅದರಲ್ಲಿ ಒಂದೂ ಇಲ್ಲ. ಸಾಲ ಮನ್ನಾ ಬೇಡ, ಹೊಸ ಆರಂಭ ಬೇಡ, ಸಾಗರಕ್ಕೆ ಹೋಗಿಬರುವ ಬಸ್ ಚಾರ್ಜೂ ಬೇಡ. ಬೆಂಗಳೂರಿನ ಕೆಲಸವನ್ನು ಒಪ್ಪಿಕೊಳ್ಳಲು ತಾನು ತಯಾರು, ಸದನ ಹಾಕಿಕೊಟ್ಟ ಪದ್ಧತಿಯನ್ನು ತನ್ನ ಮನೆಗೂ ಅನ್ವಯಿಸಿದರೆ ಸಾಕು. ಸಂಬಳ ಹೆಚ್ಚಳವನ್ನು ಜಗಲಿಯ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕರಿಸಬೇಕು. ಲೆಕ್ಕ ಕೇಳಿದ ಬ್ಯಾಂಕು, ಫೈನಾನ್ಸು, ಗೊಬ್ಬರದಂಗಡಿ ಮತ್ತು ಭಾವನನ್ನು ಆರು ತಿಂಗಳು ಅಮಾನತಿನಲ್ಲಿಡಬೇಕು. ಮಾರ್ಷಲ್‌ಗಳನ್ನು ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ ಕಳಿಸಿದರೆ ಅನುಕೂಲ, ಸಂಘದವರು ಹತ್ತಕ್ಕೆ ಬರುತ್ತಾರೆ.