ಸಾರಿನ ಪಾತ್ರೆಗೊಂದು ಸಿಂಹಾಸನ

ಬಿಸಿ ಪಾತ್ರೆ ಇಳಿಸಲು ಅಜ್ಜಿಗೆ ಒಂದು ಸಿಂಬಿ ಸಾಕಿತ್ತು. ಮರಗೆಲಸದ ಹುಚ್ಚು ಹತ್ತಿದ ನಮ್ಮ ಭಾವನಿಗೆ ಸಾಲದು. ತೇಗದ ಹಲಗೆಯ ಒಂದು ಮೈಗೆ ಉದ್ದುದ್ದ ಗೀರು ಕೊರೆದು, ಮಗುಚಿ, ಇನ್ನೊಂದು ಮೈಗೆ ಅಡ್ಡಡ್ಡ ಕೊರೆಯುತ್ತಾರೆ. ಆಳ ಮಾತ್ರ ಅರ್ಧ ದಪ್ಪಕ್ಕಿಂತ ಕೂದಲೆಳೆ ಹೆಚ್ಚು. ಗೀರುಗಳು ಸಂಧಿಸಿದಲ್ಲೆಲ್ಲ ಚೌಕದ ಕಿಂಡಿ ತಾನಾಗಿ ತೆರೆಯುತ್ತದೆ. ಓರೆಯಾಗಿ ಕೊರೆದರೆ ವಜ್ರಾಕೃತಿ. ಡ್ರಿಲ್ ಮುಟ್ಟದೆಯೇ ಜಾಲಂದ್ರ ಸಿದ್ಧ! ವಾರ್ನಿಷ್ ಬಳಿದರೆ ಬಿಸಿಗೆ ಪಾತ್ರೆಯ ತಳಕ್ಕೆ ಅಂಟೀತು; ಎಣ್ಣೆ ಒರೆಸಿದರೆ ಸಾಕು.

ಆದರೆ ಅದರ ಮೇಲೆ ಪಾತ್ರೆ ಇಡಲು ಅಕ್ಕ ಬಿಟ್ಟರೆ ತಾನೆ? “ಅಯ್ಯೋ, ಮಸಿ ಹತ್ತುತ್ತೆ ಕಣ್ರೀ!” ಹಲಗೆ ಶೋಕೇಸು ಸೇರಿತು, ಸಾರು ಹಳೇ ಪೇಪರಿನ ಮೇಲೆ ಕೂತಿತು.

ನೀವು ಮಾಡುವುದಾದರೆ ಜೋಡಿಯಾಗಿಯೇ ಮಾಡಿ: ಒಂದು ನೆಂಟರ ಕಣ್ಣಿಗೆ, ಇನ್ನೊಂದು ಊಟಕ್ಕೆ.