ಹಾಡ ಪೂರ್ತಿ ಹಚ್ಚೋ ತಮ್ಮಾ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಬಸ್ಸಿನಲ್ಲಿ ಟಿಕೆಟ್ಟು ಸೀಟಿಗೆ ಮಾತ್ರ, ಕಿವಿಗೆಲ್ಲ ಪುಕ್ಕಟೆ. ಡ್ರೈವರನ ಹಿಂದೆ ಕೂತ ಅಜ್ಜನ ಕೀಪ್ಯಾಡ್ ಮೊಬೈಲಿನಲ್ಲಿ ಶರೀಫಜ್ಜನ ತತ್ವಪದ, ನಡುವಿನ ಸೀಟಿನಲ್ಲಿ ಭಜನಿಪದ, ಹಿಂದಿನ ಉದ್ದ ಸೀಟಿನಲ್ಲಿ ಡಿಜೆ ಜನಪದ. ಮೂರಕ್ಕೂ ತಾಳ ಹಾಕುವುದು ಸಡಿಲಾದ ಕಿಟಕಿ ಗಾಜು. ಇಷ್ಟರ ನಡುವೆ ಯಾರಾದರೂ ಇಯರ್‌ಫೋನ್ ತುರುಕಿಕೊಂಡು ಕೂತರೆ, ಪಕ್ಕದವನಿಗೆ ‘ಬರ್ರಿ ಊಟಕ್ಕ’ ಅನ್ನದೆ ಬುತ್ತಿ ಬಿಚ್ಚಿದವನನ್ನು ನೋಡಿದ ಹಾಗೆ ನೋಡುತ್ತಾರೆ. ‘ಒಬ್ಬನ ಏನ ಕೇಳಾಕತ್ತಾನೋ’ ಅಂತ ಅನುಮಾನ ಬೇರೆ.

ಒಂದು ಕಾಲಕ್ಕೆ ಹಾಡು ಸಿಗುತ್ತಿದ್ದುದು ಮೊಬೈಲ್ ಅಂಗಡಿಯಲ್ಲಿ. ‘ಈ ಚಿಪ್ಪಿಗೆ ಹಾಡ ತುಂಬಿಕೊಡ್ರಿ’ ಅಂದರೆ ಸಾಕು. ಎಂಥಾ ಹಾಡು ಬೇಕೆಂದು ಅಂಗಡಿಯವ ಕೇಳಿದರೆ ಬರುವ ಉತ್ತರ ಒಂದೇ: ‘ಚೊಲೊವ ಹಾಕ್ರಿ.’ ಹೀಗಾಗಿ ಅಂಗಡಿಯವನ ರುಚಿಯೇ ಊರಿನ ರುಚಿಯಾಗುತ್ತಿತ್ತು. ಅವನಿಗೆ ಪ್ರೇಮಭಂಗವಾದ ವರ್ಷ ಸಂತೆಗೆ ಬಂದ ಮುದುಕರ ಮೊಬೈಲಿನಲ್ಲೂ ವಿರಹ ಗೀತೆಗಳೇ.

ಆಮೇಲೆ ಬ್ಲೂಟೂತ್ ಬಂತು. ಅದು ಸಾಧಾರಣವಾಗಿ ಕೈ ಚಾಚುವುದು 10 ಮೀಟರ್. ನಮ್ಮ ಬಸ್ಸಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಬಸ್ಸಿನ ಅಳತೆ ತೆಗೆದೇ ಯಾರೋ ಹೊಲಿದಂತಿತ್ತು.

‘ತಮ್ಮಾ, ಆ ಹಾಡ ನನ್ನ ಮೊಬೈಲಿಗೂ ಬಿಡೋ.’

‘ಬ್ಲೂಟೂತ್ ಚಾಲೂ ಮಾಡ್ರಿ ಕಾಕಾ. ನಿಮ್ಮ ಹೆಸರ ಏನಂತ ಐತಿ?’

‘ನನ್ನ ಹೆಸರ ಬಸಪ್ಪ.’

‘ನಿಮ್ಮದಲ್ರೀ, ಮೊಬೈಲಿಂದು!’

ಹುಡುಗ ಪಟ್ಟಿ ತೆರೆದರೆ ಅಲ್ಲಿ ‘ಡಾನ್’, ‘ಕಿಂಗ್’, ‘ಮುಟ್ಟಿದ್ರ ಶಾಕ್’ ಎಲ್ಲರೂ ಹಾಜರು. ಕಾಕಾನ ಮೊಬೈಲನ್ನು ಮಗ ‘ಡೇಂಜರ್’ ಎಂದು ಕರೆದಿರುವುದು ಕಾಕಾನಿಗೆ ಗೊತ್ತಾಗುವುದು ಆಗಲೇ. ಹಾಡು ಮುಕ್ಕಾಲು ಪಾಲು ದಾಟುವಷ್ಟರಲ್ಲಿ ಕಾಕಾ ಇಳಿಯುವ ಸ್ಟಾಪು. ಮೆಟ್ಟಿಲ ಮೇಲೆ ಮೊಬೈಲು ಎತ್ತಿ ಹಿಡಿದು ನಿಂತ ಅವರ ಪರವಾಗಿ ಇಡೀ ಬಸ್ಸು ಕಂಡಕ್ಟರನ ಮುಂದೆ ಅಹವಾಲು ಹೇಳುತ್ತದೆ: ‘ತಡೀರಿ ಸಾಹೇಬ್ರ, ಹಾಡ ಇನ್ನಾ ಹೊಂಟೈತಿ.’ ಹೆಸರು, ಊರು, ಕುಲ ಯಾವುದನ್ನೂ ಕೇಳದೆ ನಡೆದ ಈ ದಾನದಲ್ಲಿ ಹಾಡಿದವನಿಗೆ ಮಾತ್ರ ಚಿಕ್ಕಾಸೂ ಮುಟ್ಟಲಿಲ್ಲ ಎಂಬುದನ್ನೂ ಹೇಳಲೇಬೇಕು. ಮುಂದೆ ಶೇರ್‌ಇಟ್, ಜೆಂಡರ್ ಎಂಬ ಆ್ಯಪ್‌ಗಳು ಬಂದವು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಎರಡೂ ಹೋದವು.

ಕಂಡವರ ಹಾಡಿಗೆ ಕಿವಿಗೊಡುವ ಚಟ ಈ ನೆಲಕ್ಕೆ ಹೊಸದೇನಲ್ಲ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರನ್ನೇ ನೋಡಿ. ಬಾಜಾಬಜಂತ್ರಿಯ ಮೆರವಣಿಗೆ ಹೊರಟರೆ ಹುಡುಗ ಬೆನ್ನು ಹತ್ತುತ್ತಿದ್ದ, ದಣಿದಲ್ಲಿ ಮಲಗುತ್ತಿದ್ದ. ಹುಡುಕಿ ಬೇಸತ್ತ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರು. ಅಬ್ದುಲ್ ಕರೀಂ ಖಾನರ ಠುಮ್ರಿಯ ಗ್ರಾಮಫೋನ್ ತಟ್ಟೆ ಕೇಳಿದ ಮೇಲಂತೂ ಮನೆ ಹಿಡಿಸಲಿಲ್ಲ. 1933ರಲ್ಲಿ, ಹನ್ನೊಂದರ ಹುಡುಗ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ರೈಲಿನ ಅಪರಿಚಿತರಿಗೆ ಹಾಡು ಕೇಳಿಸಿದ. ಅವರು ಕೊಟ್ಟ ಕಾಸಿನಲ್ಲಿ ದಾರಿ ಸಾಗಿತು. ಆ ದಾರಿ ಮುಟ್ಟಿದ್ದು 2008ರ ಭಾರತರತ್ನಕ್ಕೆ.

ಇದನ್ನು ಕೇಳಿ ಹಿಂದಿನ ಸೀಟಿನ ತಮ್ಮ ವಾಲ್ಯೂಮ್ ಇನ್ನಷ್ಟು ಏರಿಸುವುದು ಬೇಡ. ಬಸ್ಸಿನಲ್ಲಿ ಮೊಬೈಲ್ ಹಾಡು ಜೋರಾಗಿ ಹಚ್ಚಬಾರದು, ಹೇಳಿದ್ದು ಕೇಳದವರನ್ನು ಇಳಿಸಬಹುದು ಎಂಬ ಆದೇಶ 2021ರ ನವೆಂಬರ್‌ನಲ್ಲೇ ಸುದ್ದಿಯಾಗಿದೆ. ರಾತ್ರಿಪಾಳಿ ಮುಗಿಸಿ ಬಂದವನು, ಕೂಸು ಮಲಗಿಸುವ ತಾಯಿ, ಆಸ್ಪತ್ರೆಗೆ ಹೊರಟವರು ಇರುವ ಬಸ್ಸಿನಲ್ಲಿ ಅದು ನ್ಯಾಯವೇ. ಕೇಳಿ ಪಡೆದ ಹಾಡು ದಾನ, ಕೇಳದೆ ಹೇರಿದ್ದು ತೆರಿಗೆ.

ಆದರೆ ನನ್ನ ತಕರಾರು ಜೋರಿನದಲ್ಲ, ತುಂಡಿನದು. ಈಗ ಬಸ್ಸಿನಲ್ಲಿ ಹೆಚ್ಚಾಗಿ ಕೇಳುವುದು ರೀಲ್ಸ್. ಪಲ್ಲವಿಯ ಅರ್ಧಕ್ಕೆ ಬೆರಳು ಸರಿಯಿತು, ಒಬ್ಬ ನಕ್ಕ, ನಾಯಿ ಬೊಗಳಿತು, ಯಾರೋ ಮಿರ್ಚಿ ಕರಿದರು, ಮತ್ತೆ ಇನ್ನೊಂದು ಪಲ್ಲವಿ. ‘ಹಾಡ ಕೊಡೋ ತಮ್ಮಾ’ ಎಂದು ಕೇಳೋಣವೆಂದರೆ ಹಾಡೇ ಇಲ್ಲ, ಬರೀ ಚೂರು. ಆ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷವಾದರೂ ಹಾಡುತ್ತಿತ್ತು. ಹದಿನೈದು ಸೆಕೆಂಡಿಗೊಮ್ಮೆ ತಟ್ಟೆ ಬದಲಿಸಿದ್ದರೆ ಜೋಶಿ ಮಾಸ್ತರರ ಮಗ ಸುಮ್ಮನೆ ಮನೆಗೆ ಹೋಗಿ ಉಂಡು ಮಲಗುತ್ತಿದ್ದ.

ಆದ್ದರಿಂದ ತಮ್ಮಾ, ಮೊದಲು ಪಕ್ಕದವರನ್ನು ‘ಹಚ್ಚಲ್ರೀ?’ ಅಂತ ಕೇಳು. ಬ್ಯಾಡ ಅಂದರೆ ಬಿಡು. ಹೂಂ ಅಂದರೆ ಮೆಲ್ಲಗೆ ಹಚ್ಚು. ಆದರೆ ಒಂದೇ ಹಾಡು ಹಚ್ಚು, ಪೂರ್ತಿ ಹಚ್ಚು.